ಗಂಗಹನುಮಯ್ಯನ ಹೆಸರು ಹೇಳಿದವಳು

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಎಂಸಿ ಚಿಪ್ಪು ಎಂಬ ರ‍್ಯಾಪರ್ ಇದ್ದ. ಅವನು ಬಾಯಿ ತೆರೆದರೆ ದೇವರಾಯನದುರ್ಗದ ಕೋತಿಗಳು ಬೀಟ್‌ಗೆ ತಲೆಯಾಡಿಸುತ್ತಿದ್ದವು. ಬೆಳ್ಳಾವಿಯ ತೆಂಗಿನ ಮರಗಳು ಭಯಕ್ಕೆ ಎಳನೀರನ್ನೇ ಉದುರಿಸುತ್ತಿದ್ದವು. ಹಾಗೆಂದು ಅವನೇ ಹೇಳುತ್ತಿದ್ದ. ಇಡೀ ಲೋಕದಲ್ಲಿ ಅವನ ಹಾಡನ್ನು ಕೇಳಿದ ಲೆಕ್ಕ ನಾನೂರ ಹನ್ನೊಂದು ಸಲ. ಅದರಲ್ಲಿ ನಾನೂರು ಸಲ ಕೇಳಿದವನು ಅವನೇ.

ಅವನ ಅಸಲಿ ಹೆಸರು ಗಂಗಹನುಮಯ್ಯ. ತಾತನ ಹೆಸರು. ಇಪ್ಪತ್ನಾಲ್ಕು ವರ್ಷದ ಹುಡುಗನಿಗೆ ಎಂಬತ್ತು ವರ್ಷದ ಹೆಸರು. ಕಪ್ಪು ಟೀ ಶರ್ಟು, ಕುತ್ತಿಗೆಗೆ ಚೈನು, ತಿರುಗಿಸಿದ ಟೋಪಿ, ಇಷ್ಟನ್ನೂ ತೊಟ್ಟು ‘ಗಂಗಹನುಮಯ್ಯ’ ಎಂದು ಹೇಳಿಕೊಂಡರೆ ವೇದಿಕೆ ನಗುತ್ತದೆಂದು ಅವನು ಆ ಹೆಸರನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟಿದ್ದ.

ಒಂದು ಬೆಳಿಗ್ಗೆ ಅವನು ಫೋನು ಹಿಡಿದುಕೊಂಡು ತುಮಕೂರಿನ ಬಸ್ ಸ್ಟ್ಯಾಂಡಿಗೆ ಬಂದ. ಹೊಸ ಬೀಟಿಗೆ ಸದ್ದು ಬೇಕಿತ್ತು. ಹಾರ್ನು, ಕಂಡಕ್ಟರನ ವಿಷಲ್ಲು, ಕಡಲೆಕಾಯಿ ಮಾರುವವರ ಕೂಗು ಎಲ್ಲವನ್ನೂ ತುಂಬಿಕೊಂಡ. ಆಗ ಮೇಲಿನ ಸ್ಪೀಕರಿನಿಂದ ಒಂದು ಹೆಣ್ಣು ದನಿ ಇಳಿಯಿತು.

“ಪ್ರಯಾಣಿಕರ ಗಮನಕ್ಕೆ. ಗುಬ್ಬಿ, ತಿಪಟೂರು ಮಾರ್ಗವಾಗಿ ಅರಸೀಕೆರೆಗೆ ಹೋಗುವ ಬಸ್ಸು ನಾಲ್ಕನೇ ಅಂಕಣದಲ್ಲಿ ನಿಂತಿದೆ.”

ಅರಸೀಕೆರೆ ಎಂಬ ಊರು ಅಷ್ಟು ಚೆಂದವಿದೆಯೆಂದು ಅಲ್ಲಿಯವರೆಗೆ ಅರಸೀಕೆರೆಯವರಿಗೂ ಗೊತ್ತಿರಲಿಲ್ಲ. ಬಿಸಿ ಇಡ್ಲಿಯ ಮೇಲೆ ಬೆಣ್ಣೆ ಜಾರಿದ ಹಾಗೆ ಆ ದನಿ. ಅವನು ಕಂಬಕ್ಕೆ ಒರಗಿ, ಫೋನನ್ನು ಸ್ಪೀಕರಿನ ಕಡೆಗೆತ್ತಿ, ಐದು ಬಸ್ಸುಗಳನ್ನು ರೆಕಾರ್ಡ್ ಮಾಡಿಕೊಂಡ. ಆರನೆಯದಕ್ಕೆ ಕಾಯುತ್ತಿದ್ದಾಗ ಆ ದನಿ ಅವನ ಬೆನ್ನ ಹಿಂದೆಯೇ ಮೊಳಗಿತು.

“ಏಯ್ ಮಿಸ್ಟರ್! ಏನ್ ರೆಕಾರ್ಡ್ ಮಾಡ್ತಿದೀಯ?”

ತಿರುಗಿದ. ನೀಲಿ ಚೂಡಿದಾರ್, ಕುತ್ತಿಗೆಗೆ ಐಡಿ ಕಾರ್ಡು, ಕಾರ್ಡಿನಲ್ಲಿ ‘ಉಮಾಮಹೇಶ್ವರಿ’. ಮೂಗಿನ ತುದಿ ಕೋಪಕ್ಕೆ ಕೆಂಪಾಗಿತ್ತು.

“ಬಸ್ ಸ್ಟ್ಯಾಂಡ್ ಸೌಂಡು ಮೇಡಂ. ಹಾರ್ನು, ವಿಷಲ್ಲು...”

“ಮತ್ತೆ ನಂದು?”

“ನಿಮ್ದು... ಬ್ಯಾಕ್‌ಗ್ರೌಂಡು.”

“ಮೂರು ಜಿಲ್ಲೆ ಬಸ್ಸುಗಳು ನನ್ ಮಾತ್ ಕೇಳ್ಕೊಂಡು ಹೊರಡ್ತವೆ. ನಾನು ಬ್ಯಾಕ್‌ಗ್ರೌಂಡಾ?”

“ನಾನು ರ‍್ಯಾಪರ್ ಮೇಡಂ. ಎಂಸಿ ಚಿಪ್ಪು. ಕೇಳಿರ್ತೀರ.”

“ಇಲ್ಲ.”

“ಎಲ್ಲೋ ಕೇಳಿರ್ತೀರ.”

“ಇಲ್ಲ ಕಣಪ್ಪ. ಎಲ್ಲಿ, ಹಾಡು ನೋಡಣ.”

ಅವನು ಟೋಪಿ ಸರಿಮಾಡಿಕೊಂಡು, ನಾಲ್ಕನೇ ಅಂಕಣದಲ್ಲೇ ಕೈ ಬೀಸಿದ: “ಊರು ತುಮಕೂರು, ನನ್ ನಾಲಿಗೆ ಬೆಂಕಿ ಚೂರು, ಎದ್ರು ನಿಂತೋರೆಲ್ಲ ಸಿಕ್ಕ ಬಸ್ಸು ಹತ್ತಿ ಪಾರು!”

ಉಮಾ ಕೈಕಟ್ಟಿ ಕೇಳಿದಳು. “ಪ್ರಾಸ ಬಂತು. ಅರ್ಥ ಯಾವ್ ಬಸ್ಸಲ್ಲಿ ಬರುತ್ತೆ?”

ಆಮೇಲೆ ತನ್ನೆದುರಿಗೇ ಐದೂ ರೆಕಾರ್ಡಿಂಗ್ ಡಿಲೀಟ್ ಮಾಡಿಸಿ, ಜಡೆ ಹಿಂದಕ್ಕೆ ಎಸೆದು ಹೋದಳು. ಆ ಜಡೆಯ ಗಾಳಿಗೆ ಎರಡು ಬಸ್ಸುಗಳು ಓಲಾಡಿದವು. ಚಿಪ್ಪುವಿನ ಹೃದಯವನ್ನಂತೂ ಹೇಳುವುದೇ ಬೇಡ.

ಮರುದಿನವೂ ಅವನು ಅದೇ ಕಂಬಕ್ಕೆ ಒರಗಿದ. ಈ ಸಲ ಫೋನು ಜೇಬಿನಲ್ಲಿತ್ತು. ಹನ್ನೊಂದು ದಿನ ಹಾಗೆಯೇ ನಿಂತ. ಹನ್ನೆರಡನೆಯ ದಿನ ಸ್ಪೀಕರು ಕೆಮ್ಮಿತು.

“ಪ್ರಯಾಣಿಕರ ಗಮನಕ್ಕೆ. ಎಲ್ಲಿಗೂ ಹೋಗದೆ ಕಂಬಕ್ಕೆ ಒರಗಿ ನಿಂತಿರುವ ಪ್ರಯಾಣಿಕರು ತಮ್ಮ ಶೂ ಲೇಸ್ ಕಟ್ಟಿಕೊಳ್ಳಬೇಕಾಗಿ ವಿನಂತಿ.”

ಅವನು ಬಗ್ಗಿ ನೋಡಿದ. ಲೇಸು ಬಿಚ್ಚಿತ್ತು. ತಲೆಯೆತ್ತಿದಾಗ ಬೂತಿನ ಗಾಜಿನ ಹಿಂದೆ ಎರಡು ಕಣ್ಣುಗಳು ಸಟಕ್ಕನೆ ರಿಜಿಸ್ಟರಿನೊಳಗೆ ಅಡಗಿಕೊಂಡವು. ರಿಜಿಸ್ಟರು ಮಾತ್ರ ನಗುವಿಗೆ ಅಲುಗುತ್ತಲೇ ಇತ್ತು.

ಅಲ್ಲಿಂದ ಮುಂದೆ ಆರು ತಿಂಗಳು. ಆ ಆರು ತಿಂಗಳಲ್ಲಿ ತುಮಕೂರಿನಲ್ಲಿ ಅವರಿಬ್ಬರು ಕೂತು ತಿನ್ನದ ತಟ್ಟೆ ಇಡ್ಲಿ ಹೋಟೆಲು ಉಳಿಯಲಿಲ್ಲ. ಉಮಾಳ ಊರು ಕುಣಿಗಲ್. ದಿನವೂ ಬಂದು ಹೋಗುತ್ತಿದ್ದಳು. ಅವನ ಹಾಡು ಕೇಳಿ ತಪ್ಪು ಹುಡುಕುವುದು ಅವಳ ಕೆಲಸ, ಅವಳು ಮೂಗು ಸುಕ್ಕಿಸುವುದನ್ನು ನೋಡಲೆಂದೇ ತಪ್ಪು ಬರೆಯುವುದು ಅವನ ಕೆಲಸ. ಅವನ ಬಸ್ ಪಾಸು ಕಿತ್ತುಕೊಂಡು ಒಂದು ದಿನ ಅಸಲಿ ಹೆಸರು ಓದಿಬಿಟ್ಟಳು.

“ಗಂಗಹನುಮಯ್ಯ!”

“ಮೆಲ್ಲಗೆ ಕಣೇ! ಯಾರಾದ್ರೂ ಕೇಳಿಸ್ಕೊಂಡ್ರೆ ನನ್ ಕೆರಿಯರ್ರೇ ಹೋಯ್ತು.”

“ಇದ್ರೆ ತಾನೆ ಹೋಗೋದು.” ಅವಳು ಪಾಸನ್ನು ಎದೆಗೊತ್ತಿಕೊಂಡು ನಕ್ಕಳು. “ನಂಗೆ ಈ ಹೆಸರೇ ಇಷ್ಟ ಕಣೋ. ಒಗಟಿಗೆ ಒಳ್ಳೆ ಉದ್ದ ಇದೆ. ಚಿಪ್ಪು ಅಂತ ಒಗಟು ಕಟ್ಟಕ್ಕಾಗ್ತದಾ?”

ಒಗಟು ಎಂದರೆ ಬಿಡಿಸುವ ಒಗಟಲ್ಲ. ಅವರ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ‘ನಮ್ಮನೆಯವ್ರು’ ಎನ್ನುತ್ತಾಳೆ, ‘ಇವ್ರು’ ಎನ್ನುತ್ತಾಳೆ, ಕೊನೆಗೆ ಕೆಮ್ಮುತ್ತಾಳೆ. ಹೇಳುವುದು ಒಂದೇ ಒಂದು ಸಲ, ಮದುವೆಯ ದಿನ, ಗಂಡನ ಮನೆಯ ಹೊಸಲಲ್ಲಿ. ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ‘ಹೆಸರು ಹೇಳಿದ್ರೆ ಒಳಗೆ’ ಎನ್ನುತ್ತಾರೆ. ಮದುಮಗಳು ಪ್ರಾಸ ಕಟ್ಟಿ, ಹಾಡಿನೊಳಗೆ ಹೆಸರಿಟ್ಟು ಹೇಳಬೇಕು. ಹೇಳಿದಳೆಂದರೆ ಅವಳು ಆ ಹೆಸರಿನವನ ಹೆಂಡತಿ. ತಾಳಿಯ ಗಂಟಾದರೂ ಸಡಿಲವಾದೀತು, ಒಗಟಿನ ಗಂಟು ಸಡಿಲವಾಗದು. ಉಮಾಳ ಅಜ್ಜಿ ಸಿದ್ದಗಂಗಮ್ಮ ಈ ವಿದ್ಯೆಯಲ್ಲಿ ಮಹಾರಾಣಿ. ಕುಣಿಗಲ್ ತಾಲ್ಲೂಕಿನ ಅರ್ಧ ಮದುಮಕ್ಕಳು ಅವಳು ಕಟ್ಟಿಕೊಟ್ಟ ಪ್ರಾಸ ಹೇಳಿಯೇ ಹೊಸಲು ದಾಟಿದವರು. ಚಿಪ್ಪುವಿನ ಪ್ರಾಸ ಚಿಪ್ಪಿನಿಂದ ಎಳನೀರಾದದ್ದು ಆ ಅಜ್ಜಿಯ ವಿದ್ಯೆ ಮೊಮ್ಮಗಳ ಮೂಲಕ ಹರಿದು ಬಂದ ಮೇಲೆ.

ಅವನು ಹಾಡು ಮಾಡುತ್ತಿದ್ದದ್ದು ಗುಬ್ಬಿಯಲ್ಲಿ. ಗೆಳೆಯ ಸಿದ್ದಾರ್ಥನ ಅಪ್ಪ ಕೊಬ್ಬರಿ ವ್ಯಾಪಾರಿ. ಅವರ ಗೋದಾಮಿನ ಮೂಲೆಯಲ್ಲಿ ಕೊಬ್ಬರಿ ಮೂಟೆಗಳನ್ನು ಸುತ್ತ ಪೇರಿಸಿ, ನಡುವೆ ಮೈಕು ನಿಲ್ಲಿಸಿದ್ದರು. ಸಿಡಿಲು ಹೊಡೆದರೂ ಒಳಗೆ ಕೇಳುತ್ತಿರಲಿಲ್ಲ. ಹಾಡಿ ಹೊರಬಂದವರ ಮೈಯಲ್ಲಿ ವಾರದವರೆಗೆ ಒಬ್ಬಟ್ಟಿನ ವಾಸನೆ.

ಒಂದು ಭಾನುವಾರ ಮಧ್ಯಾಹ್ನ ಉಮಾ ಅಲ್ಲಿಗೆ ಬಂದಳು. ಸಿದ್ದಾರ್ಥ ಟೀ ತರಲು ಹೋದ. ಮೂಟೆಗಳ ನಡುವೆ ಇಬ್ಬರೇ.

“ಕಣ್ಮುಚ್ಚು,” ಎಂದಳು.

“ಯಾಕೆ?”

“ಮುಚ್ಚು ಅಂದ್ರೆ ಮುಚ್ಚು. ಪ್ರಾಕ್ಟೀಸು.”

ಅವನು ಕಣ್ಣು ಮುಚ್ಚಿದ. ಅವಳ ಉಸಿರು ಕಿವಿಯ ಹತ್ತಿರ ಬಂತು. ಬಸ್ ಸ್ಟ್ಯಾಂಡಿನ ದನಿಯಲ್ಲ ಅದು. ಮೂರು ಜಿಲ್ಲೆಗಳಲ್ಲಿ ಯಾರೂ ಕೇಳದ ದನಿ.

“ಕುಣಿಗಲ್ ಕೆರೆ ತುಂಬಿದ್ರೇನು, ಕುಡಿಯೋದೊಂದೇ ಬೊಗಸೆ. ಗುಬ್ಬಿ ಪ್ಯಾಟೆ ಗಂಡ್ಗಳೆಲ್ಲ ಬಂದ್ರೂ ಇಲ್ಲ ನಂಗಾಸೆ. ಗಂಗಹನುಮಯ್ಯನ ಪಕ್ಕದಲ್ಲೇ ಇರ್ಬೇಕು ನನ್ ಹಸೆ.”

ಹೇಳಿ ಮುಗಿಸಿದವಳೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅವನು ಕಣ್ಣು ತೆರೆದಾಗ ಬೆರಳುಗಳ ಸಂದಿಯಲ್ಲಿ ಒಂದೇ ಒಂದು ಕಣ್ಣು ಕಾಣುತ್ತಿತ್ತು. ಆ ಒಂದು ಕಣ್ಣಿಗೆ ಅವನು ಬೇಕಾದರೆ ತುಮಕೂರು ಜಿಲ್ಲೆಯನ್ನೇ ಬರೆದುಕೊಡುತ್ತಿದ್ದ. ಜಿಲ್ಲೆ ಅವನದಾಗಿರಲಿಲ್ಲ, ಅಷ್ಟೇ.

ಮೈಕು ಆನ್ ಆಗಿತ್ತು.

ಅದು ಅವನಿಗೆ ಗೊತ್ತಾದದ್ದು ಮರುದಿನ, ಹೆಡ್‌ಫೋನ್ ಹಾಕಿ ಹಳೆಯ ಟೇಕುಗಳನ್ನು ಕೇಳುವಾಗ. ದನಿ, ನಗು, ಬಳೆಯ ಸದ್ದು, ಎಲ್ಲ ಇತ್ತು. ಅವನಿಗೆ ಮೈ ಜುಮ್ಮೆಂದಿತು. ಸಿದ್ದಾರ್ಥ ಅದರ ಕೆಳಗೆ ಒಂದು ತಮಟೆ ಬೀಟು ಹಾಕಿದ. ಇಬ್ಬರೂ ಅದನ್ನೇ ಹತ್ತು ಸಲ ತಿರುಗಿಸಿ ಕೇಳಿದರು.

“ಮಗಾ, ಇದು ಹುಕ್ಕು ಕಣೋ, ಹಾಡಲ್ಲಿ ಮತ್ತೆ ಮತ್ತೆ ಬರೋ ಸಾಲು. ಇಂಥ ಹುಕ್ಕು ಇಡೀ ಕರ್ನಾಟಕದಲ್ಲಿ ಯಾವನ ಹತ್ರಾನೂ ಇಲ್ಲ,” ಎಂದ ಸಿದ್ದಾರ್ಥ. ಆಮೇಲೆ ತಡೆದು, “ಉಮಾನ ಕೇಳ್ದಾ?”

“ಸರ್‌ಪ್ರೈಸ್ ಕೊಡ್ತೀನಿ.”

“ಕೇಳ್ಬುಡು ಮಗಾ.”

“ಏಯ್, ಬುಡ್ಲಾ. ನನ್ ಹೆಸರು ತಾನೆ ಹೇಳಿರೋದು? ನಾನೇ ನಾಚ್ಕೊಳ್ತಿಲ್ಲ. ಊರಿಗೆಲ್ಲ ಗೊತ್ತಾಗ್ಲಿ, ಅವ್ಳು ನನ್ನೋಳು ಅಂತ.”

ಇಷ್ಟು ದಿನ ಬಚ್ಚಿಟ್ಟ ಹೆಸರನ್ನು ಅವಳಿಗಾಗಿ ಬಯಲಿಗಿಡುತ್ತಿದ್ದೇನೆ, ಇದಕ್ಕಿಂತ ದೊಡ್ಡ ಪ್ರೀತಿ ಉಂಟೇ ಎಂದು ಅವನು ನಿಜವಾಗಿಯೂ ನಂಬಿದ್ದ. ಶುಕ್ರವಾರ ಹಾಡು ಬಿಟ್ಟ.

ಭಾನುವಾರದ ಹೊತ್ತಿಗೆ ಬೆಂಕಿ ಹತ್ತಿತ್ತು. ಶೆಟ್ಟಿಹಳ್ಳಿಯ ಆಟೋಗಳು ಪೆಟ್ರೋಲಿಲ್ಲದೆ ಆ ಹಾಡಿನ ಮೇಲೆಯೇ ಓಡಿದವು. ಗುಬ್ಬಿಯ ಗಿಳಿಗಳು ‘ಗಂಗಹನುಮಯ್ಯನ’ ಎಂದು ಕೂಗಿದವು. ಕಾಲೇಜು ಹುಡುಗಿಯರು ಅವನ ಹೆಸರು ಬರೆದ ಬಳೆ ತೊಟ್ಟರು. ಫೋನಿನಲ್ಲಿ ಲೆಕ್ಕ ಲಕ್ಷ ದಾಟಿತು, ಹತ್ತು ಲಕ್ಷ ದಾಟಿತು. ಯಾವ ಹೆಸರಿಗೆ ವೇದಿಕೆ ನಗುತ್ತದೆಂದು ಹೆದರಿದ್ದನೋ ಅದೇ ಹೆಸರಿಗೆ ವೇದಿಕೆ ಕೈಮುಗಿದು ಕರೆಯಿತು: ಬರುವ ಶನಿವಾರ ತುಮಕೂರಿನ ಮೈದಾನದಲ್ಲಿ ಶೋ.

ಉಮಾಳ ಫೋನು ಮಾತ್ರ ಸ್ವಿಚ್ ಆಫ್.

ಬುಧವಾರ ಅವನು ಸಿದ್ದಾರ್ಥನ ಬೈಕಿನಲ್ಲಿ ಕುಣಿಗಲ್ಲಿಗೆ ಹೋದ. ದೊಣ್ಣೆ ಹಿಡಿದ ನೂರು ಜನ ಕಾಯುತ್ತಿರುತ್ತಾರೆಂದು ಹೆಲ್ಮೆಟ್ ಕೂಡ ತೆಗೆಯಲಿಲ್ಲ. ಬಾಗಿಲಲ್ಲಿ ಇದ್ದವಳು ಸಿದ್ದಗಂಗಮ್ಮ ಒಬ್ಬಳೇ. ಹೆಲ್ಮೆಟ್ಟಿನೊಳಗೆ ಇಣುಕಿ ನೋಡಿದಳು.

“ಇವ್ನೇನಾ ಗಂಗಹನುಮಯ್ಯ? ಬುಂಡೆ ತಗ್ಯಪ್ಪ, ಮಕ ನೋಡಣ. ಹೆಸರು ದೊಡ್ಡುದು, ಆಳು ಸಣ್ಣುಕ್ಕವ್ನೆ.”

ಒಳಗೆ ಉಮಾಳ ಅಪ್ಪ ಮೋಹನ್‌ಕುಮಾರ್ ಕೂತಿದ್ದರು. ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ನಾಲ್ಕು ದಿನದಿಂದ ಗಡ್ಡ ಮಾಡಿರಲಿಲ್ಲ. ಅವನನ್ನು ಕೂರಿಸಿ, ಕಾಫಿ ಕೊಡಿಸಿ, ನೆಲ ನೋಡುತ್ತ ಹೇಳಿದರು:

“ನಾನು ಅಡ್ಡ ಬರಲ್ಲಪ್ಪ. ಹೆಸರು ಹೇಳ್ಬುಟ್ಟವಳೆ. ನಮ್ಮಲ್ಲಿ ಅದಾದ್ಮೇಲೆ ಮಾತಿಲ್ಲ. ಹಿರೀಕರನ್ನ ಕರ್ಕೊಂಡು ಬಾ.”

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿತ್ತಲಿಗೆ ಓಡಿದ. ಉಮಾ ಕಲ್ಲಿನ ಮೇಲೆ ಕೂತು ಹಸಿ ಅವರೆಕಾಯಿ ಸುಲಿಯುತ್ತಿದ್ದಳು.

“ನಿಮ್ಮಪ್ಪ ಒಪ್ಪಿದ್ರು ಕಣೇ!”

“ನಾನು?”

ಅವಳು ತಲೆಯೆತ್ತಲಿಲ್ಲ. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಬೀಳುತ್ತಿತ್ತು.

“ಅಪ್ಪ ಮುಖ ತೋರ್ಸಕ್ಕಾಗ್ದೆ ಒಪ್ಕೊಂಡವ್ರೆ. ಅಜ್ಜಿ ಶಾಸ್ತ್ರಕ್ಕೆ ಒಪ್ಕೊಂಡವ್ಳೆ. ನನ್ನ ಯಾರು ಕೇಳಿದ್ರು?”

“ನೀನೇ ಹೇಳ್ದಲ್ಲ ಉಮಾ, ನನ್ ಪಕ್ಕದಲ್ಲೇ...”

“ನನ್ಹತ್ರ ಇದ್ದಿದ್ದು ಒಂದೇ ಸಲ ಕಣೋ. ನಿಮ್ಮನೆ ಹೊಸಲಲ್ಲಿ ನಿಂತ್ಕೊಂಡು, ನಿಮ್ಮವ್ವನ ಮುಂದೆ, ನಾಚ್ಕೊಂಡು, ತಪ್ಪು ತಪ್ಪು ಹೇಳ್ಬೇಕಿತ್ತು. ನಾನದನ್ನ ಕೊಡೋಕೆ ಮುಂಚೆ ನೀನು ತಗೊಂಡ್ಬುಟ್ಟೆ. ತಗೊಂಡು ಊರಿಗೆಲ್ಲ ಹಂಚ್ದೆ.”

ಅವನು ಸಿಪ್ಪೆಯ ಕಡೆ ಬಿದ್ದ ಒಂದು ಕಾಳನ್ನು ಹೆಕ್ಕಿ ಕಾಳಿನ ಕಡೆ ಇಟ್ಟ.

“ಬೂತಲ್ಲಿ ಕೂತು ‘ಪ್ರಯಾಣಿಕರ ಗಮನಕ್ಕೆ’ ಅಂದ್ರೆ ಸಾಕು, ಕೆಳಗಿಂದ ಹುಡುಗ್ರು ನಿನ್ ಹೆಸರು ಕೂಗ್ತಾರೆ. ಸೋಮವಾರ ಒಬ್ಬಮ್ಮ ಮಗೂನ ಕಳ್ಕೊಂಡು ಅಳ್ತಾ ಬಂದ್ಲು. ನಾನು ಮಗೂ ಹೆಸರು ಹೇಳ್ದೆ, ಅಂಗಿ ಬಣ್ಣ ಹೇಳ್ದೆ. ಅದಕ್ಕೂ ನಕ್ರು. ನಾನ್ ಏನ್ ಹೇಳಿದ್ರೂ ಈಗ ನಗ್ತಾರೆ.” ಅವಳು ಒಂದು ಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡಳು. “ಮಗು ಸಿಕ್ತು. ನಾನು ಕೆಲಸ ಬಿಟ್ಟೆ.”

“ಉಮಾ... ನಾನೇನ್ ಮಾಡ್ಲಿ ಹೇಳು.”

“ಮೊದ್ಲು ಹಾಡು ತೆಗಿ. ಮಿಕ್ಕಿದ್ದು ಆಮೇಲೆ.”

ಹೂಂ ಎನ್ನಲು ಬಾಯಿ ತೆರೆದಿದ್ದ. ನಿಜಕ್ಕೂ ತೆರೆದಿದ್ದ. ಆದರೆ ಕಣ್ಣೆದುರು ಮೈದಾನ ನಿಂತಿತು, ದೀಪಗಳು ನಿಂತವು, ನಾಲ್ಕು ವರ್ಷ ಕೊಬ್ಬರಿ ಮೂಟೆಗಳಿಗೆ ಹಾಡಿದ್ದು ನೆನಪಾಯಿತು.

“ತೆಗಿತೀನಿ. ಆಣೆ. ಶನಿವಾರ ಒಂದ್ ಶೋ ಐತೆ. ಅವ್ರು ಕರ್ದಿರೋದೇ ಆ ಹಾಡಿಗೆ. ಅದೊಂದಾದ್ ತಕ್ಷಣ...”

ಉಮಾ ಆಗ ತಲೆಯೆತ್ತಿದಳು. ಅವನ ಮುಖವನ್ನು ಪೂರ್ತಿಯಾಗಿ ಒಮ್ಮೆ ನೋಡಿದಳು, ದೂರದ ಊರಿಗೆ ಹೊರಟವರು ಮನೆಯನ್ನು ನೋಡುವ ಹಾಗೆ.

“ಶನಿವಾರ,” ಎಂದಳು.

“ಅದೊಂದೇ ಕಣೇ.”

“ಆಯ್ತು.”

ರದ್ದಾದ ಬಸ್ಸಿನ ಸುದ್ದಿ ಹೇಳುವಾಗ ಬರುತ್ತಿದ್ದ ದನಿ ಅದು. ಚಿಪ್ಪುವಿಗೆ ಅದು ಒಪ್ಪಿಗೆಯೆಂದೇ ಕೇಳಿಸಿತು. ಬೇಕಾದ್ದನ್ನೇ ಕೇಳಿಸಿಕೊಳ್ಳುವುದರಲ್ಲಿ ಅವನಷ್ಟು ಪ್ರತಿಭಾವಂತ ಈ ಭೂಮಂಡಲದಲ್ಲಿ ಇನ್ನೊಬ್ಬನಿರಲಿಲ್ಲ.

ಶನಿವಾರ ಸಂಜೆ, ಇನ್ನೂ ಬಿಸಿಲಿರುವಾಗಲೇ, ಮೈದಾನ ತುಂಬಿತು. ಐದು ಸಾವಿರ ಜನ ಎಂದರು ಪೊಲೀಸರು, ಐವತ್ತು ಸಾವಿರ ಎಂದ ಸಿದ್ದಾರ್ಥ, ಲೆಕ್ಕವನ್ನೇ ಬಿಟ್ಟಿದ್ದ ಚಿಪ್ಪು. ಮೊದಲ ಹಾಡಿಗೆ ಕೂಗಿದರು, ಎರಡನೆಯದಕ್ಕೆ ಕುಣಿದರು. ಮೂರನೆಯದು ಅದು. ತಮಟೆ ಶುರುವಾದದ್ದೇ ಮೈದಾನ ಎದ್ದು ನಿಂತಿತು. ಹುಕ್ಕು ಬಂದಾಗ ಅವನು ಎಲ್ಲ ರ‍್ಯಾಪರುಗಳಂತೆ ಮೈಕನ್ನು ಜನರ ಕಡೆಗೆ ತಿರುಗಿಸಿದ.

ಹಾಡಿದರು. ಗಂಟಲು ಹರಿಯುವಂತೆ ಹಾಡಿದರು. ಗಂಡಸರು ಹೆಣ್ಣು ದನಿ ಮಾಡಿ ಕೀಚಲು ಕೀಚಲಾಗಿ ಹಾಡಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಟವೆಲನ್ನು ಸೆರಗಿನಂತೆ ತಲೆಗೆ ಹೊದ್ದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸೊಂಟ ಬಳುಕಿಸಿ, ಬೆರಳುಗಳ ಸಂದಿಯಿಂದ ಕಣ್ಣು ಮಿಟುಕಿಸಿದ. ಸುತ್ತ ಇದ್ದವರು ವಿಷಲ್ಲು ಹೊಡೆದರು.

ಆ ಟವೆಲಿನೊಳಗೆ ಅವರು ಕುಣಿಸುತ್ತಿದ್ದದ್ದು ಉಮಾಳನ್ನೇ ಎಂದು ಚಿಪ್ಪುವಿಗೆ ಆಗ ಕಂಡಿತು.

“ನಿಲ್ಸಿ,” ಎಂದ.

ಅದೂ ಶೋ ಎಂದುಕೊಂಡು ಜನ ಇನ್ನೂ ಜೋರಾಗಿ ಹಾಡಿದರು.

“ನಿಲ್ಸ್ರೋ! ಸಾಕು ನಿಲ್ಸಿ! ಕೈ ಮುಗಿತೀನಿ!”

ಸಿದ್ದಾರ್ಥ ಬೀಟು ನಿಲ್ಲಿಸಿದ. ಬೀಟಿಲ್ಲದೆಯೂ ಹಾಡು ನಡೆಯಿತು. ಚಿಪ್ಪು ವೇದಿಕೆಯ ನಡುವೆ ಮಂಡಿಯೂರಿ, ಫೋನು ತೆಗೆದು, ಹಾಡನ್ನು ಅಳಿಸಿದ. ಹದಿನೆಂಟು ಲಕ್ಷ ಸೊನ್ನೆಯಾಯಿತು. ಎದ್ದು ನಿಂತು, ಕೈಯೆತ್ತಿ, “ತೆಗ್ದೆ! ಹಾಡಿಲ್ಲ ಇನ್ಮೇಲೆ!” ಎಂದು ಕೂಗಿದ.

“ಒನ್ಸ್ ಮೋರ್!” ಎಂದಿತು ಮೈದಾನ.

ಮರುದಿನ ಬೆಳಿಗ್ಗೆ ಕುಣಿಗಲ್ಲಿನ ಮನೆಯಲ್ಲಿ ಉಮಾ ಇರಲಿಲ್ಲ. “ಬಸ್ ಸ್ಟ್ಯಾಂಡಿಗೋದ್ಲು ಕಣಪ್ಪ, ಹಾಸನಕ್ಕೆ. ಈಗಿನ್ನ ಹೋದ್ಲು,” ಎಂದಳು ಸಿದ್ದಗಂಗಮ್ಮ. ಈ ಸಲ ಅವನ ಮುಖವನ್ನು ತಮಾಷೆ ಮಾಡಲಿಲ್ಲ.

ಹಾಸನದ ಬಸ್ಸು ನಿಂತಿತ್ತು. ಡ್ರೈವರು ಟೀಗೆ ಇಳಿದಿದ್ದ. ಉಮಾ ಮೂರನೇ ಸಾಲಿನ ಕಿಟಕಿಯಲ್ಲಿದ್ದಳು, ಪಕ್ಕದ ಸೀಟಿನಲ್ಲಿ ಬ್ಯಾಗು. ಅವನು ಹತ್ತಿ, ಸಾಲುಗಳ ನಡುವೆ ಕಂಬಿ ಹಿಡಿದು ನಿಂತ.

“ತೆಗ್ದೆ,” ಎಂದ.

“ಗೊತ್ತಾಯ್ತು.”

“ಒಂದಷ್ಟ್ ದಿನ ಲೇಟು.”

“ಬಸ್ಸಾಗಿದ್ರೆ ಪ್ರಯಾಣಿಕರ ಕ್ಷಮೆ ಕೇಳಿ, ಇನ್ನೊಂದ್ ಬಿಡಬಹುದಿತ್ತು.” ಅವಳ ತುಟಿ ನಗಲು ಹೋಗಿ ಅರ್ಧಕ್ಕೆ ನಿಂತಿತು.

“ಹಾಸನದಲ್ಲಿ ಏನು?”

“ಒಂದಾಫೀಸಲ್ಲಿ ಟೈಪಿಂಗು. ದಿನವಿಡೀ ಬಾಯಿ ಬಿಡೋ ಹಂಗಿಲ್ಲ. ಅದಕ್ಕೇ ಒಪ್ಕೊಂಡೆ.”

ಅವನು ಮುಖ ಆಚೆ ತಿರುಗಿಸಿದ. ಬಸ್ಸಿನ ಹೊರಗೆ ಬಿಸಿಲು, ಸೌತೇಕಾಯಿ ಮಾರುವವರು, ಯಾರದೋ ಫೋನಿನಲ್ಲಿ ಯಾವುದೋ ಹಾಡು. ಅವನ ಹಾಡೇ, ಯಾರೋ ಮೊದಲೇ ಇಳಿಸಿಟ್ಟುಕೊಂಡದ್ದು. ಇಬ್ಬರಿಗೂ ಕೇಳಿಸಿತು.

“ನನ್ ಮೇಲಿನ ಪ್ರೀತಿ ಹೋಯ್ತಾ ಉಮಾ?”

“ಹೋಗಿದ್ರೆ ಹಾಸನ ಯಾಕೆ ಬೇಕಿತ್ತು? ಇಲ್ಲೇ ಇರ್ತಿದ್ದೆ.” ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ನಿನ್ ಜೊತೆ ಇದ್ರೆ ಇನ್ಮೇಲೆ ನಿಂಗೇನಾದ್ರೂ ಹೇಳೋ ಮುಂಚೆ ಸುತ್ತಮುತ್ತ ಮೈಕ್ ಹುಡುಕ್ತೀನಿ ಕಣೋ. ಹಂಗ್ ಬದುಕೋಕಾಗುತ್ತಾ?”

ಅವನು ಕಂಬಿಯನ್ನು ಬಿಗಿಯಾಗಿ ಹಿಡಿದ.

“ಕಾಯ್ಲಾ?”

ಇಷ್ಟು ದಿನದಲ್ಲಿ ಏನನ್ನಾದರೂ ಮಾಡುವ ಮುಂಚೆ ಅವನು ಅವಳನ್ನು ಕೇಳಿದ್ದು ಇದೇ ಮೊದಲು. ಅದು ಅವಳಿಗೂ ತಿಳಿಯಿತು. ಕಣ್ಣು ತುಂಬಿ ಬಂತು.

“ಬೇಡ.”

ಕೇಳಿದ ಮೇಲೆ ಉತ್ತರವನ್ನು ಒಪ್ಪಿಕೊಳ್ಳಬೇಕು. ಅವನು ತಲೆಯಾಡಿಸಿದ. ವಾದ ಮಾಡಲಿಲ್ಲ, ಆಣೆ ಇಡಲಿಲ್ಲ. ಇಳಿಯಲೆಂದು ತಿರುಗಿದವನು ಮತ್ತೆ ನಿಂತ.

“ಬಸ್ ಹೊರಡೋವರ್ಗೂ ಕೂತ್ಕೊಳ್ಳಾ?”

ಉಮಾ ಸೀಟಿನ ಮೇಲಿದ್ದ ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಅವನು ಕೂತ. ಇಬ್ಬರೂ ಮುಂದಿನ ಸೀಟಿನ ಹರಿದ ರೆಕ್ಸಿನ್ನನ್ನು ನೋಡುತ್ತ ಕೂತರು. ಅವಳ ಮೊಣಕೈ ಅವನ ಮೊಣಕೈಗೆ ತಾಕುತ್ತಿತ್ತು, ಯಾರೂ ಸರಿಸಲಿಲ್ಲ. ಡ್ರೈವರು ಟೀ ಕುಡಿದು, ಲೋಟ ಇಟ್ಟು, ಯಾರೊಂದಿಗೋ ಎರಡು ಮಾತಾಡಿ, ಬಂದು ಹತ್ತಿದ. ಕಂಡಕ್ಟರು ವಿಷಲ್ಲು ಊದಿದ, ಅವನು ಎದ್ದು ಇಳಿದ.

ಜೊತೆಗೆ ಕೂತದ್ದು ಏಳು ನಿಮಿಷ. ಎಂಟಲ್ಲ.